ಚೀಟಿಯಲ್ಲಿ ಬಂದ ಜಮೀನು: ಅದೃಷ್ಟದ ದುಡ್ಡಿಗೆ ಪಾಲು ಕೇಳಬಹುದಾ?

ನಾಲೆಬದಿ (ಮಂಡ್ಯ)
ಯುಗಾದಿಯಿಂದ ನಮ್ಮ ಮನೆಯಲ್ಲಿ ಒಂದೇ ಜಗಳ. ಇಲ್ಲಿ ಹಿರಿಯರು ತುಂಬಾ ಜನ ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ತಾತ ಬದುಕಿದ್ದಾಗಲೇ, 90ರ ದಶಕದಲ್ಲಿ, ಅಪ್ಪನಿಗೂ ಚಿಕ್ಕಪ್ಪನಿಗೂ ಭಾಗ ಆಯಿತು. ನಾಲೆ ಕೆಳಗೆ ಒಳ್ಳೆ ಗದ್ದೆ. ನಾಲೆ ಮೇಲೆ ಖುಷ್ಕಿ, ವಿಸ್ತೀರ್ಣದಲ್ಲಿ ದುಪ್ಪಟ್ಟು, ಆದರೆ ಹುರುಳಿ ಚೆಲ್ಲಿದರೆ ಚೆಲ್ಲಿದಷ್ಟು ವಾಪಸ್ ಬಂದರೆ ಪುಣ್ಯ. ಎರಡನ್ನೂ ಅರ್ಧ ಅರ್ಧ ಮಾಡೋಣ ಅಂದರೆ ಯಾರಿಗೂ ಸಾಲದು. ಕೊನೆಗೆ ಊರಿನವರ ಮುಂದೆ ಮಾರಮ್ಮನ ಗುಡಿಯಲ್ಲಿ ಎರಡು ಚೀಟಿ ಬರೆದು ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸಿದರು. ಅಪ್ಪನಿಗೆ ಗದ್ದೆ, ಚಿಕ್ಕಪ್ಪನಿಗೆ ಖುಷ್ಕಿ. ಚಿಕ್ಕಪ್ಪ ಆವತ್ತು ಊಟ ಮಾಡಲಿಲ್ಲವಂತೆ.

ಆಮೇಲೆ ಬೆಂಗಳೂರು-ಮೈಸೂರು ದಶಪಥ ಬಂತಲ್ಲ, ಅದರ ಬೈಪಾಸ್ ಆ ಖುಷ್ಕಿ ಮೇಲೆಯೇ ಹೋಯಿತು. ಪರಿಹಾರ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಮನೆ, ಕಾರು, ಮಕ್ಕಳ ಮದುವೆ ಎಲ್ಲ ಆಗಿಯೂ ಮಿಕ್ಕಿದೆ. ಅಪ್ಪ ಗದ್ದೆಗೆ ಕಬ್ಬು ಹಾಕಿ ಹಾಕಿ ಸೊಸೈಟಿ ಸಾಲದಲ್ಲಿದ್ದಾರೆ.

ಅಪ್ಪ ಹೇಳುವುದು: ಅದು ಅವನು ದುಡಿದ ದುಡ್ಡಲ್ಲ, ಚೀಟಿ ತಂದ ದುಡ್ಡು, ಒಂದು ಪಾಲು ಕೊಡಲಿ. ಚಿಕ್ಕಪ್ಪ ಹೇಳುವುದು: ಇಷ್ಟು ವರ್ಷ ಗದ್ದೆ ಉಂಡೆಯಲ್ಲ, ನನ್ನ ಮನೆಗೆ ಎಷ್ಟು ಪಲ್ಲ ಭತ್ತ ಕಳಿಸಿದೆ?

ಕೋರ್ಟು ಕಾನೂನು ನನಗೆ ಬೇಡ. ಬರೀ ಅದೃಷ್ಟದಿಂದ ಬಂದದ್ದರಲ್ಲಿ ಇನ್ನೊಬ್ಬರು ಪಾಲು ಕೇಳುವುದು ಸರಿಯಾ?

ಹೊಸತೊಡಕು
ಚಿಕ್ಕಪ್ಪನ ಪ್ರಶ್ನೆಗೆ ಅಪ್ಪ ಏನಂದರು, ಅದನ್ನು ಮೊದಲು ಹೇಳು ಗುರು.

ನಾಲೆಬದಿ (ಮಂಡ್ಯ)
ಟವೆಲ್ ಕೊಡವಿ ಎದ್ದು ಹೋದರು.

ಹೊಸತೊಡಕು
ಹಾಗಾದರೆ ಚಿಕ್ಕಪ್ಪ ಗೆದ್ದರು. ಮುಗೀತು.

ಕಬ್ಬಿನ ಸೂಲಂಗಿ
ಇದರಲ್ಲಿ ಚರ್ಚೆ ಮಾಡಲು ಏನಿದೆ? ಹಣೆಬರಹಕ್ಕೆ ಹೊಣೆ ಯಾರು. ದೇವರ ಮುಂದೆ ಚೀಟಿ ಹಾಕಿದ್ದೇ ಯಾರೂ ಆಮೇಲೆ ಮಾತಾಡಬಾರದು ಅಂತ. ಆವತ್ತು ಗದ್ದೆ ಬಂದಾಗ ನಿಮ್ಮಪ್ಪ "ಇದು ಚೀಟಿ ತಂದದ್ದು, ತಮ್ಮನಿಗೂ ಒಂದು ಪಾಲು" ಅಂದಿದ್ದರೆ ಈಗ ಕೇಳುವ ಬಾಯಿ ಇರುತ್ತಿತ್ತು.

ಲೆಕ್ಕದ ಮೇಷ್ಟ್ರು (ಮೈಸೂರು)
ಹಣೆಬರಹ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

ನಾಲೆ ಮೇಲೆ, ನಾಲೆ ಕೆಳಗೆ ಅನ್ನುವುದು ದೇವರು ಬರೆದದ್ದಲ್ಲ. ನೀರು ಮೇಲಕ್ಕೆ ಹತ್ತುವುದಿಲ್ಲ, ಹಾಗಾಗಿ ನಾಲೆಯನ್ನು ಇಳಿಜಾರು ನೋಡಿಕೊಂಡು ಒಂದು ಮಟ್ಟದಲ್ಲಿ ತೆಗೆದುಕೊಂಡು ಹೋಗುತ್ತಾರೆ. ಆ ಗೆರೆಯ ಕೆಳಗೆ ಬಿದ್ದ ಹೊಲ ತರಿ, ಮೇಲೆ ಉಳಿದದ್ದು ಖುಷ್ಕಿ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 30ರ ದಶಕದ ಶುರುವಿನಲ್ಲಿ. ನಾಲೆಗೆ ಮೊದಲು ಇರ್ವಿನ್ ಹೆಸರು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗದಲ್ಲಿ ನೀರು ದಾಟಿಸಿದರು. ಅದಕ್ಕೆ ಮೊದಲು ನಿಮ್ಮ ಮನೆಯ ಎರಡು ತುಂಡೂ ಬಹುಶಃ ಖುಷ್ಕಿಯೇ. ಎರಡರಲ್ಲೂ ರಾಗಿ, ಹುರುಳಿ.

ಅಂದರೆ ಅಪ್ಪನ ಚೀಟಿಗೆ ಬೆಲೆ ಬಂದದ್ದು ಒಬ್ಬ ಎಂಜಿನಿಯರು ಎಳೆದ ಗೆರೆಯಿಂದ. ಚಿಕ್ಕಪ್ಪನ ಚೀಟಿಗೆ ಬೆಲೆ ಬಂದದ್ದು ಇನ್ನೊಬ್ಬ ಎಂಜಿನಿಯರು ಎಳೆದ ಗೆರೆಯಿಂದ. ಒಂದನ್ನು ದುಡಿಮೆ, ಇನ್ನೊಂದನ್ನು ಅದೃಷ್ಟ ಅಂತ ಕರೆಯುವುದು ಯಾವ ನ್ಯಾಯ?

ಕಬ್ಬಿನ ಸೂಲಂಗಿ
ಮೇಷ್ಟ್ರೇ, ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಬೇಕು. ಪರಿಹಾರದ ದುಡ್ಡಿಗೆ ಸಹಿ ಹಾಕಿದರೆ ಸಾಕು. ಎರಡೂ ಒಂದೇನಾ?

ಲೆಕ್ಕದ ಮೇಷ್ಟ್ರು (ಮೈಸೂರು)
ಖುಷ್ಕಿಯಲ್ಲೂ ಅವರು ಬಗ್ಗಿದ್ದಾರೆ ಸ್ವಾಮಿ. ಬಗ್ಗಿದ್ದಕ್ಕೆ ಸಿಕ್ಕಿದ್ದು ಹುರುಳಿ.

ಕೊನೆ ಭಾಗ (ಮಳವಳ್ಳಿ ಕಡೆ)
ಗೆರೆ ಎಳೆದರೆ ಸಾಕಾ, ನೀರು ಬರಬೇಡವಾ? ನಾವು ನಾಲೆಯ ಕೊನೆಯವರು. ದಾಖಲೆಯಲ್ಲಿ ನಮ್ಮದು ಅಚ್ಚುಕಟ್ಟು ಪ್ರದೇಶ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಮೇಲಿನವರೆಲ್ಲ ತಿರುಗಿಸಿಕೊಂಡು ಮಿಕ್ಕಿದರೆ ನಮ್ಮ ತೂಬಿಗೆ. ಒಂದು ರಾತ್ರಿ ಕಾದು ಕೂತರೆ ತೋಳಿನಷ್ಟು ದಪ್ಪ ನೀರು ಬರುತ್ತದೆ, ಅದಕ್ಕೂ ಅಣ್ಣ ತಮ್ಮಂದಿರು ಹೊಡೆದಾಡುತ್ತಾರೆ.

2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2024ರ ಜುಲೈಯಲ್ಲಿ ತುಂಬಿತು. 2025ರಲ್ಲಿ ಜೂನ್ ಮುಗಿಯುವ ಮೊದಲೇ 124.80 ಅಡಿ, ಅಂದರೆ ಪೂರ್ತಿ. ಮೂರು ವರ್ಷವೂ ನಾವು ದುಡಿದದ್ದು ಅಷ್ಟೇ, ಬೇಸಾಯ ಮಾಡಿದ ಕೈ ಅದೇ. ಮಳೆ ಬೀಳಬೇಕಾದ್ದು ಕೊಡಗಿನಲ್ಲಿ, ಕಡಿಮೆ ಬಿದ್ದರೆ ತೀರ್ಮಾನ ಆಗುವುದು ದೆಹಲಿಯಲ್ಲಿ. ನಮ್ಮ ಕೈಯಲ್ಲಿ ಇರುವುದು ಗುದ್ದಲಿ ಮಾತ್ರ. ಇಲ್ಲಿ ಕೂತು ಕೈ ಕೆಸರಾದರೆ ಬಾಯಿ ಮೊಸರು ಅಂತ ಯಾರಾದರೂ ಹೇಳಿದರೆ ಕೆಸರಾದ ಕೈಯ ಫೋಟೋ ಕಳಿಸುತ್ತೇನೆ.

ತೊಣ್ಣೂರು ಕೆರೆ
ಹಳೆ ಕನ್ನಂಬಾಡಿ ಊರಿಗೆ ಊರೇ ಮುಳುಗಿತಲ್ಲ. ಅವರಿಗೆ ಯಾರು ಚೀಟಿ ಎತ್ತಿದರು?

ಮಲ್ಲಿಗೆ ಮೊಗ್ಗು (ಮೈಸೂರು)
ನನ್ನದೊಂದು ಪ್ರಶ್ನೆ. ತಾತನಿಗೆ ಹೆಣ್ಣುಮಕ್ಕಳು ಇರಲಿಲ್ಲವಾ? ಎರಡೇ ಚೀಟಿ ಯಾಕೆ?

ನಾಲೆಬದಿ (ಮಂಡ್ಯ)
ಇದ್ದಾರೆ ಅಕ್ಕ, ಇಬ್ಬರು ಅತ್ತೆಯರು. ಒಬ್ಬರು ಕೆ.ಆರ್. ಪೇಟೆ ಕಡೆ, ಒಬ್ಬರು ಮೈಸೂರಿನಲ್ಲಿ. ಮದುವೆಯಲ್ಲಿ ಒಡವೆ ಹಾಕಿ ಕಳಿಸಿದ್ದರು. ಭಾಗದ ಹೊತ್ತಿಗೆ ಯಾರೂ ಆ ಮಾತು ಎತ್ತಲಿಲ್ಲ.

ಮಲ್ಲಿಗೆ ಮೊಗ್ಗು (ಮೈಸೂರು)
ಅದನ್ನೇ ನಾನು ಹೇಳುವುದು. ಮಾರಮ್ಮನ ಗುಡಿಗೆ ಹೋಗುವ ಮೊದಲೇ ಇನ್ನೊಂದು ಚೀಟಿ ಎತ್ತಾಗಿತ್ತು. ಗಂಡಾಗಿ ಹುಟ್ಟಿದವರ ಹೆಸರು ಡಬ್ಬದ ಒಳಗೆ, ಹೆಣ್ಣಾಗಿ ಹುಟ್ಟಿದವರದು ಹೊರಗೆ. ಗೆದ್ದ ಇಬ್ಬರು ಕೂತು ಯಾರ ಅದೃಷ್ಟ ದೊಡ್ಡದು ಅಂತ ಜಗಳ ಆಡುತ್ತಿದ್ದಾರೆ. ಸೋತ ಇಬ್ಬರು ಹಬ್ಬಕ್ಕೆ ಬಂದು ಒಬ್ಬಟ್ಟು ತಟ್ಟಿಕೊಟ್ಟು ಹೋಗುತ್ತಿದ್ದಾರೆ. ನಾಲೆ, ಬೈಪಾಸ್, ಎಂಜಿನಿಯರು ಎಲ್ಲ ಮಾತಾಡಿದಿರಿ. ಇದು ಮಾತ್ರ ಯಾರಿಗೂ ಹೊಳೆಯಲಿಲ್ಲ ಅಲ್ವಾ?

ಕಬ್ಬಿನ ಸೂಲಂಗಿ
ಮೇಡಂ, ಎಲ್ಲದಕ್ಕೂ ಇದನ್ನು ತರಬೇಡಿ. ಒಡವೆ, ಮದುವೆ ಖರ್ಚು, ಬಾಣಂತನ ಎಲ್ಲ ಲೆಕ್ಕ ಹಾಕಿದರೆ ಅವರಿಗೂ ಸೇರಿದೆ.

ಮಲ್ಲಿಗೆ ಮೊಗ್ಗು (ಮೈಸೂರು)
ಹಾಕಿ ಲೆಕ್ಕ. ಆಗಿನ ಒಡವೆ ಎಷ್ಟು ಗ್ರಾಂ, ಈಗಿನ ಬೈಪಾಸ್ ಎಷ್ಟು ಗುಂಟೆ. ನಾನು ಇಲ್ಲೇ ಇರುತ್ತೇನೆ.

ಕೋರ್ಟು ಬೀದಿ (ಮಂಡ್ಯ)
ಕಾನೂನು ಬೇಡ ಅಂದಿರಿ, ಆದರೂ ಸುಮ್ನೆ ಇರಲು ಆಗುತ್ತಿಲ್ಲ. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯಾಗಿರಲಿ ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾಗಿ ಮುಗಿದ ವಿಭಾಗವನ್ನು ಮುಟ್ಟುವಂತಿಲ್ಲ. ಬಾಯಿಮಾತಿನ ಭಾಗಕ್ಕೆ ಈ ರಕ್ಷಣೆ ಸುಲಭವಾಗಿ ಸಿಗುವುದಿಲ್ಲ.

ನಿಮ್ಮದು ರಿಜಿಸ್ಟರ್ ಆದ ವಿಭಾಗ ಪತ್ರವಾ, ಇಲ್ಲ ಗುಡಿಯಲ್ಲಿ ಬರೆದ ಪಾಲು ಪಾರೀಕತ್ತಾ?

ನಾಲೆಬದಿ (ಮಂಡ್ಯ)
ಪಾರೀಕತ್ತು ಸಾರ್. ಛಾಪಾ ಕಾಗದದ ಮೇಲೆ ಬರೆದು ಊರಿನವರ ಸಹಿ ಹಾಕಿಸಿದ್ದಾರೆ. ಆಮೇಲೆ ಖಾತೆ ಮಾತ್ರ ಬೇರೆ ಬೇರೆ ಮಾಡಿಸಿದರು.

ಕೋರ್ಟು ಬೀದಿ (ಮಂಡ್ಯ)
ಹಾಗಾದರೆ ಅಪ್ಪನಿಗೆ ಹೇಳಿ, ಪಾಲು ಪಾಲು ಅಂತ ಜೋರಾಗಿ ಕೂಗಬೇಡಿ ಅಂತ. ಅತ್ತೆಯರಿಗೆ ಕೇಳಿಸೀತು.

ಹೊಸತೊಡಕು
ನಗು ತಡೆಯಲು ಆಗುತ್ತಿಲ್ಲ ಸಾರ್. ಆಫೀಸಿನಲ್ಲಿ ಎಲ್ಲರೂ ನೋಡುತ್ತಿದ್ದಾರೆ.

ರಸ್ತೆಗೆ ಹೋದವನು (ಮದ್ದೂರು)
ಪರಿಹಾರ ಅಂದ ಕೂಡಲೇ ಬಂಪರ್ ಹೊಡೆಯಿತು ಅಂದುಕೊಳ್ಳಬೇಡಿ. ನಮ್ಮದೂ ಒಂದಷ್ಟು ಗುಂಟೆ ರಸ್ತೆಗೆ ಹೋಯಿತು. 2013ರ ಕಾಯ್ದೆಯ ಪ್ರಕಾರ ಬೆಲೆ ಕಟ್ಟುವಾಗ ಹಿಂದಿನ ಮೂರು ವರ್ಷದಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರ ತೆಗೆಯುತ್ತಾರೆ. ಅದರಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ಒಂದು ಕಡೆ, ಸರ್ಕಾರದ ಮಾರ್ಗಸೂಚಿ ಬೆಲೆ ಇನ್ನೊಂದು ಕಡೆ. ಯಾವುದು ಜಾಸ್ತಿಯೋ ಅದನ್ನು ಹಿಡಿದು, ಮೇಲೆ ಅಷ್ಟೇ ಮೊತ್ತ ಸೊಲೇಷಿಯಂ, ಅಂದರೆ ಜಮೀನು ಹೋದದ್ದಕ್ಕೆ ಸಮಾಧಾನದ ದುಡ್ಡು.

ಕೇಳಲು ಚೆನ್ನಾಗಿದೆ. ಆದರೆ ನಮ್ಮೂರಿನಲ್ಲಿ ಜಮೀನು ಮಾರಿದವರೆಲ್ಲ ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಮ್ಮಿ ಬೆಲೆ ಬರೆಸಿದ್ದರು. ಅರ್ಧ ಕಪ್ಪು, ಅರ್ಧ ಬಿಳಿ. ಅವರು ಉಳಿಸಿದ್ದು ಸಾವಿರದ ಲೆಕ್ಕದಲ್ಲಿ, ನಾವು ಕಳೆದುಕೊಂಡದ್ದು ಲಕ್ಷದ ಲೆಕ್ಕದಲ್ಲಿ. ನಾನು ಯಾವ ಪತ್ರಕ್ಕೂ ಸಹಿ ಹಾಕಿದವನಲ್ಲ. ಯಾರೋ ಮಾಡಿದ ಜಾಣತನ ನನ್ನ ತಲೆಗೆ ಬಂತು. ಇದನ್ನು ದುರದೃಷ್ಟ ಅನ್ನಬೇಕಾ, ಊರಿನ ಕಳ್ಳಾಟ ಅನ್ನಬೇಕಾ?

ಎಳನೀರು ಸ್ಟಾಪ್
ನೀವು ಜಮೀನು ಕೊಟ್ಟಿರಿ, ಕಮ್ಮಿಯೋ ಜಾಸ್ತಿಯೋ ಚೆಕ್ ಬಂತು. ನಮ್ಮದು ಹಳೆ ಹೆದ್ದಾರಿ ಬದಿಯ ಕ್ಯಾಂಟೀನ್. 2023ರ ಮಾರ್ಚ್ 12ರಂದು ಹೊಸ ರಸ್ತೆ ಉದ್ಘಾಟನೆ ಆಯಿತು. ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರಿಗೂ ಬೈಪಾಸ್. ಮೊದಲು ಶನಿವಾರ ಭಾನುವಾರ ಕೂರಲು ಜಾಗ ಇರುತ್ತಿರಲಿಲ್ಲ, ಪಾರ್ಕಿಂಗಿಗೆ ಒಬ್ಬ ಹುಡುಗ ಬೇಕಿತ್ತು. ಆಮೇಲೆ ಮಧ್ಯಾಹ್ನ ಹನ್ನೆರಡಕ್ಕೂ ಇಡ್ಲಿ ಮಿಗುತ್ತಿತ್ತು. ಚಟ್ನಿ ಅದೇ, ಭಟ್ಟರು ಅವರೇ.

ನಮ್ಮ ತಂದೆ ಯಾವಾಗಲೂ ಹೇಳುತ್ತಿದ್ದರು, ಹೋಟೆಲ್ ನಡೆಯುವುದು ಕೈರುಚಿಯಿಂದ ಅಂತ. ರುಚಿ ಇತ್ತು, ಸುಳ್ಳಲ್ಲ. ಬಾಗಿಲ ಮುಂದೆ ಬೆಂಗಳೂರು-ಮೈಸೂರು ರಸ್ತೆಯೂ ಇತ್ತು. ಅದನ್ನು ಅವರು ಯಾವತ್ತೂ ಲೆಕ್ಕಕ್ಕೆ ಸೇರಿಸಲಿಲ್ಲ. ಜಾಗ ಹೋದವರಿಗೆ ಪರಿಹಾರ ಇದೆ, ಗಿರಾಕಿ ಹೋದವರಿಗೆ ಯಾವ ಕಾಯ್ದೆ?

ಹೊಸತೊಡಕು
ಅಣ್ಣ ಈಗಲೂ ತೆಗೆದಿದೆಯಾ? ಮದ್ದೂರು ವಡೆ ಸಿಗುತ್ತದಾ? ಭಾನುವಾರ ಬರುತ್ತೇನೆ.

ಎಳನೀರು ಸ್ಟಾಪ್
ತೆಗೆದಿದೆ. ಊರಿನವರು ಬರುತ್ತಾರೆ, ನಡೆಯುತ್ತಿದೆ. ವಡೆ ನಮ್ಮಲ್ಲಿ ಇಲ್ಲ, ತಟ್ಟೆ ಇಡ್ಲಿ ಇದೆ.

ತೊಣ್ಣೂರು ಕೆರೆ
ಮದ್ದೂರು ಹತ್ತಿರ ಇದ್ದುಕೊಂಡು ವಡೆ ಇಲ್ಲ ಅಂದರೆ ಬೈಪಾಸ್‌ನ ತಪ್ಪಲ್ಲ ಬಿಡಿ.

ಬಂಪರ್ ಭಕ್ತ (ಗುಂಡ್ಲುಪೇಟೆ ರಸ್ತೆ)
ಎಲ್ಲರೂ ಅಳುವುದೇ ಆಯಿತು. 2024ರಲ್ಲಿ ಕೇರಳದ ತಿರುವೋಣಂ ಬಂಪರ್ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಗೇ ಬಂತಲ್ಲ, ಅದು ಅದೃಷ್ಟ ಅಂದರೆ. ನಮ್ಮ ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಲ್ಲಿಸಿಬಿಟ್ಟರು. ಈಗ ಅದಕ್ಕೆ ಅಂತಲೇ ವಯನಾಡಿಗೆ ಹೋಗಿ ಬರಬೇಕು.

ಲೆಕ್ಕದ ಮೇಷ್ಟ್ರು (ಮೈಸೂರು)
ಆ ಬಂಪರಿಗೆ ಟಿಕೆಟ್ 500 ರೂಪಾಯಿ. ಮಾರಾಟ ಆದದ್ದು 70 ಲಕ್ಷಕ್ಕೂ ಜಾಸ್ತಿ. 25 ಕೋಟಿಯನ್ನು 70 ಲಕ್ಷ ಟಿಕೆಟ್ಟಿಗೆ ಹಂಚಿದರೆ ಒಂದಕ್ಕೆ 36 ರೂಪಾಯಿಯೂ ಬರುವುದಿಲ್ಲ. ಸಣ್ಣ ಬಹುಮಾನಗಳು ಬೇರೆ ಇವೆ, ಅದನ್ನೆಲ್ಲ ಸೇರಿಸಿದರೂ 500ಕ್ಕೆ ತುಂಬಾ ದೂರ. ಗೆದ್ದವರ ಕೈಗೂ 25 ಪೂರ್ತಿ ಬರುವುದಿಲ್ಲ, ಏಜೆಂಟರ ಕಮಿಷನ್, ತೆರಿಗೆ ಹೋಗಿ ಅರ್ಧದ ಹತ್ತಿರ. ಪತ್ರಿಕೆಯಲ್ಲಿ ಗೆದ್ದವರ ಫೋಟೋ ಬರುತ್ತದೆ. ಮಿಕ್ಕ 70 ಲಕ್ಷ ಟಿಕೆಟ್ಟಿನವರ ಫೋಟೋ ಹಾಕಲು ಯಾವ ಪತ್ರಿಕೆಗೂ ಪುಟ ಸಾಲದು.

ಬಂಪರ್ ಭಕ್ತ (ಗುಂಡ್ಲುಪೇಟೆ ರಸ್ತೆ)
ಮೇಷ್ಟ್ರೇ, 500 ಕೊಟ್ಟು ತಿಂಗಳಿಡೀ ಕನಸು ಕಾಣುತ್ತೇನೆ. ಮಾಲ್‌ನಲ್ಲಿ ಸಿನಿಮಾ ನೋಡಿದರೆ ಮೂರು ಗಂಟೆಗೆ ಅಷ್ಟೇ ಆಗುತ್ತದೆ. ನನಗೇನೂ ನಷ್ಟ ಕಾಣುತ್ತಿಲ್ಲ.

ಲೆಕ್ಕದ ಮೇಷ್ಟ್ರು (ಮೈಸೂರು)
ಈ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀವು ಪಾಸು. ಒಂದೇ ಟಿಕೆಟ್ಟಿಗೆ ನಿಲ್ಲಿಸಿ.

ಸ್ಲಿಪ್ ಫೀಲ್ಡರ್
ಕ್ರಿಕೆಟ್ ನೋಡಿ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ನಮ್ಮವರು ಐದಕ್ಕೆ ಐದೂ ಟಾಸ್ ಸೋತರು, ಐದಕ್ಕೆ ಐದೂ ಪಂದ್ಯ ಗೆದ್ದರು. ಫೈನಲ್ ಹೊತ್ತಿಗೆ ಒಂದು ದಿನದ ಪಂದ್ಯಗಳಲ್ಲಿ ಸತತ 15 ಟಾಸ್ ಹೋಗಿತ್ತು. ಅದೃಷ್ಟಕ್ಕೆ ಬೆಲೆ ಇಲ್ಲ ಅನ್ನಲು ಇದಕ್ಕಿಂತ ಬೇಕಾ?

ಲೆಕ್ಕದ ಮೇಷ್ಟ್ರು (ಮೈಸೂರು)
ಸತತ 15 ಅಂದರೆ 32,768ಕ್ಕೆ ಒಂದು. ಆದರೆ ಎಷ್ಟು ತಂಡ, ಎಷ್ಟು ವರ್ಷ, ಎಷ್ಟು ಟಾಸ್ ಆಗಿದೆ ನೋಡಿ. ಎಲ್ಲೋ ಒಂದು ಕಡೆ ಇಂಥದ್ದು ಬಿದ್ದೇ ಬೀಳುತ್ತದೆ. ನಮಗೆ ಬಿದ್ದಾಗ ಮಾತ್ರ ಶನಿ ಕಾಟ ಅನ್ನಿಸುತ್ತದೆ.

ಮಾನಸಗಂಗೋತ್ರಿ ಹಳಬ
ಟಾಸ್ ಬಿಡಿ. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ. ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿತ್ತು. ಇನ್ನೊಂದು ಕಡೆಯಿಂದ ನಮ್ಮ ಮೈಸೂರಿನ ಶ್ರೀನಾಥ್ ಸ್ಟಂಪಿಗೆ ದೂರ ದೂರ ಹಾಕಿದರು, ತಪ್ಪಿ ತನಗೆ ವಿಕೆಟ್ ಬೀಳಬಾರದು ಅಂತ. ಹತ್ತಕ್ಕೆ ಹತ್ತು ಕುಂಬ್ಳೆ ತೆಗೆದದ್ದು, ಸಂಶಯವೇ ಇಲ್ಲ. ಆದರೆ ಆ ತುದಿಯಲ್ಲಿ ಬೇರೆ ಯಾರಾದರೂ ಇದ್ದಿದ್ದರೆ?

ಹೊಸತೊಡಕು
ಚಿಕ್ಕಪ್ಪ ಒಂದು ಓವರ್ ವೈಡ್ ಹಾಕಲಿ ಅಂತೀರಾ ಸಾರ್?

ಮಾನಸಗಂಗೋತ್ರಿ ಹಳಬ
ಹಾಕಲಿ. ಆದರೆ ಕೇಳಿ ಹಾಕಿಸಿಕೊಂಡರೆ ಅದು ಶ್ರೀನಾಥ್ ಓವರ್ ಆಗುವುದಿಲ್ಲ.

ಬೋರು ಹೊಡೆಸಿದವ (ನಾಗಮಂಗಲ)
ನಿಮಗೆಲ್ಲ ನಾಲೆ, ರಸ್ತೆ. ನಮ್ಮ ಕಡೆ ಮಳೆ, ಇಲ್ಲದಿದ್ದರೆ ಬೋರು. ನಮ್ಮಲ್ಲಿ ಒಬ್ಬರು ತೆಂಗಿನಕಾಯಿ ಅಂಗೈ ಮೇಲೆ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದೆ. ಅವರು ತೋರಿಸಿದ ಜಾಗದಲ್ಲಿ ನಮಗೆ ಎರಡೂವರೆ ಇಂಚು ನೀರು. ಲೆಕ್ಕದವರು ಇದಕ್ಕೆ ಏನು ಹೇಳುತ್ತಾರೆ?

ಕಲ್ಲು ನೋಡುವವನು
ನಾನು ಹೇಳುತ್ತೇನೆ, ಇದು ನನ್ನ ಕೆಲಸ. ನಮ್ಮ ಕಡೆ ನೆಲದ ಕೆಳಗೆ ಗಟ್ಟಿ ಬಂಡೆ. ಹೊಳೆ ಹರಿಯುವ ಹಾಗೆ ನೀರು ಹರಿಯುವುದಿಲ್ಲ, ಬಂಡೆಯ ಬಿರುಕಿನಲ್ಲಿ, ಮೇಲಿನ ಕಳಿತ ಕಲ್ಲಿನ ಪದರದಲ್ಲಿ ಸೇರಿಕೊಂಡಿರುತ್ತದೆ. ಹಳ್ಳದ ಸಾಲು, ತಗ್ಗು, ಕೆರೆ ಹಿಂಭಾಗದಲ್ಲಿ ಬಿರುಕು ಸಿಗುವ ಸಾಧ್ಯತೆ ಜಾಸ್ತಿ. ಕಾಯಿ ಹಿಡಿದು ತಿರುಗುವವರು ಸುತ್ತಮುತ್ತ ನೂರಾರು ಹೊಲ ನೋಡಿರುತ್ತಾರೆ, ಯಾವ ಬೋರಿನಲ್ಲಿ ನೀರಿದೆ ಅಂತ ಗೊತ್ತಿರುತ್ತದೆ. ಕಾಲು ತಾನಾಗಿ ತಗ್ಗಿನ ಕಡೆ ಹೋಗುತ್ತದೆ. ಆಮೇಲೆ ಕಾಯಿ ಏಳುತ್ತದೆ.

ಅವರು ತೋರಿಸಿ ಫೇಲಾದ ಬೋರುಗಳನ್ನು ಯಾರೂ ಎಣಿಸಿಲ್ಲ. ನೀರು ಬಿದ್ದ ಮನೆಯಲ್ಲಿ ಹತ್ತು ವರ್ಷ ಆ ಕಥೆ ನಡೆಯುತ್ತದೆ, ಬರೀ ಧೂಳು ಬಂದ ಮನೆಯಲ್ಲಿ ಸಾಲ ಮಾತ್ರ ನಡೆಯುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಕೊಂಬೆ ಮುರಿಯದ ದಿನ ಕೂತ ಕಾಗೆಗಳ ಲೆಕ್ಕವೂ ಬೇಕು.

ಬೋರು ಹೊಡೆಸಿದವ (ನಾಗಮಂಗಲ)
ನಿಮ್ಮ ಮಿಷನ್ನಿನವರು ತೋರಿಸಿದ ಜಾಗದಲ್ಲಿ ನಮ್ಮ ಭಾವನಿಗೆ ಬಂದದ್ದೂ ಧೂಳೇ ಸಾರ್. ಮಿಷನ್ನಿಗೆ ಫೀಸು ಜಾಸ್ತಿ, ಕಾಯಿಯಾದರೆ ಆಮೇಲೆ ಸಾರಿಗಾದರೂ ಆಗುತ್ತದೆ.

ಕಲ್ಲು ನೋಡುವವನು
ಮಿಷನ್ನೂ ಸಾಧ್ಯತೆ ಹೇಳುತ್ತದೆ ಅಷ್ಟೇ, ನೀರು ಹೇಳುವುದಿಲ್ಲ. ಅದನ್ನು ಮೊದಲೇ ಹೇಳದೆ ಫೀಸು ತೆಗೆದುಕೊಂಡವರ ಮೇಲೆ ನನಗೂ ಸಿಟ್ಟಿದೆ.

ಹಳೆ ಅಗ್ರಹಾರ (ಮೈಸೂರು)
ಮೈಸೂರಿನದೇ ಒಂದು ಉದಾಹರಣೆ. 1905ರಲ್ಲಿ ನಮ್ಮ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರ ತಾಳೆಗರಿ ಕಟ್ಟು ಬಂತು. ಗ್ರಂಥ ಅನ್ನುವ ಲಿಪಿಯಲ್ಲಿತ್ತು, ತಮಿಳು ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದದ್ದು. ಅಲ್ಲಿ ಕೆಲಸದಲ್ಲಿದ್ದ ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಬೇರೆಯವರ ಬರಹದಲ್ಲಿ ಹೆಸರು ಕೇಳಿದ್ದೇ ಹೊರತು ಪೂರ್ತಿ ಪುಸ್ತಕ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಆ ಕಟ್ಟು ಅವರ ಮೇಜಿಗೆ ಬಂದದ್ದು ಆಕಸ್ಮಿಕ. ಓದಿ ಇದು ಏನು ಅಂತ ಗುರುತು ಹಿಡಿದದ್ದು ಆಕಸ್ಮಿಕ ಅಲ್ಲ. ಓದಲು ಬಾರದವರ ಕೈಗೆ ಬಂದಿದ್ದರೆ ಇನ್ನಷ್ಟು ವರ್ಷ ಕಪಾಟಿನಲ್ಲೇ ಇರುತ್ತಿತ್ತು.

ಲೆಕ್ಕದ ಮೇಷ್ಟ್ರು (ಮೈಸೂರು)
ಒಳ್ಳೆ ಉದಾಹರಣೆ. ನಾನು ಇನ್ನೊಂದು ಸೇರಿಸುತ್ತೇನೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಗಣಿತ ಓದಿ ಸೇನೆಗೆ ಸಂಬಂಧಿಸಿದ ಒಂದು ಕೆಲಸದ ಸಂದರ್ಶನಕ್ಕೆ ಕಲ್ಕತ್ತಾಗೆ ಹೋದರು. ಕೆಲಸ ಸಿಗಲಿಲ್ಲ. ಅಲ್ಲಿ ಪರಿಚಯವಾದ ಒಬ್ಬರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದರು, ಅವರಿಂದ ಆ ಸಂಸ್ಥೆಯ ವಿಷಯ ಗೊತ್ತಾಗಿ 1941ರಲ್ಲಿ ಸೇರಿಕೊಂಡರು. ಇವತ್ತು ಸಂಖ್ಯಾಶಾಸ್ತ್ರ ಓದುವ ಹುಡುಗರಿಗೆ ಎಲ್ಲ ಕಡೆಯೂ ಅವರ ಹೆಸರಿನ ಸೂತ್ರ ಪಾಠ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಆ ವಿಷಯದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಸಂದರ್ಶನ ಪಾಸಾಗಿದ್ದರೆ ಏನಾಗುತ್ತಿತ್ತೋ. ಆಕಸ್ಮಿಕವನ್ನು ಅಳೆಯುವ ವಿದ್ಯೆಗೇ ಅವರು ಆಕಸ್ಮಿಕವಾಗಿ ಬಂದರು, ಅದು ನನಗೆ ತುಂಬಾ ಇಷ್ಟ.

ಮಲ್ಲಿಗೆ ಮೊಗ್ಗು (ಮೈಸೂರು)
ಇಬ್ಬರೂ ದೊಡ್ಡವರೇ. ಆದರೆ 1905ರಲ್ಲಿ ಗ್ರಂಥ ಲಿಪಿ ಓದಲು ಬರಬೇಕಾದರೆ ಯಾವ ಮನೆಯಲ್ಲಿ ಹುಟ್ಟಬೇಕಿತ್ತು? ಕಲಿತಿದ್ದು ಶ್ರಮ, ಒಪ್ಪಿದೆ. ಕಲಿಯುವ ಬಾಗಿಲು ತೆರೆದಿದ್ದ ಮನೆಯಲ್ಲಿ ಹುಟ್ಟಿದ್ದನ್ನು ಯಾವ ಖಾತೆಗೆ ಬರೆಯುತ್ತೀರಿ?

ಹಳೆ ಅಗ್ರಹಾರ (ಮೈಸೂರು)
ಹಾಗೆ ಹಿಂದೆ ಹಿಂದೆ ಹೋದರೆ ಯಾರ ಸಾಧನೆಯೂ ಉಳಿಯುವುದಿಲ್ಲ ಮೇಡಂ.

ಮಲ್ಲಿಗೆ ಮೊಗ್ಗು (ಮೈಸೂರು)
ಉಳಿಯುತ್ತದೆ ಸಾರ್. ಜಂಬ ಸ್ವಲ್ಪ ಕಮ್ಮಿ ಆಗುತ್ತದೆ, ಅಷ್ಟೇ.

ಕೊನೆ ಭಾಗ (ಮಳವಳ್ಳಿ ಕಡೆ)
ಈ ಅಕ್ಕನಿಗೆ ನನ್ನ ಓಟು.

ನಾಲೆಬದಿ (ಮಂಡ್ಯ)
ಮೈಸೂರಿನ ಅತ್ತೆ ನಿನ್ನೆ ಮನೆಗೆ ಬಂದಿದ್ದರು. ನಾನು ತಡೆಯಲಾರದೆ ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ತಾವೇ ಓದಿದರು. ಏನೂ ಮಾತಾಡಲಿಲ್ಲ. ಹೊರಡುವಾಗ ಕೇಳಿದ್ದು ಒಂದೇ: ಆ ಕೋರ್ಟು ಬೀದಿ ಅನ್ನುವವರು ಮಂಡ್ಯದಲ್ಲಿ ಎಲ್ಲಿ ಸಿಗುತ್ತಾರೆ?

ಹೊಸತೊಡಕು
ಅಯ್ಯಯ್ಯೋ!

ಕೋರ್ಟು ಬೀದಿ (ಮಂಡ್ಯ)
ನಾನು ಇಲ್ಲಿ ಕೇಸು ಹಿಡಿಯುವುದಿಲ್ಲಪ್ಪ. ಒಂದು ಮಾತು ಹೇಳಿ, ಮೊದಲು ನಾಲ್ಕು ಜನವೂ ಒಟ್ಟಿಗೆ ಕೂರಲಿ. ಕೋರ್ಟಿಗೆ ಬಂದರೆ ಪರಿಹಾರದ ದುಡ್ಡಿಗೆ ಇನ್ನಷ್ಟು ಪಾಲುದಾರರು ಹುಟ್ಟಿಕೊಳ್ಳುತ್ತಾರೆ, ನಾವೂ ಸೇರಿ.

ಕಬ್ಬಿನ ಸೂಲಂಗಿ
ನೋಡಿದಿರಾ, ಸುಮ್ನೆ ಇದ್ದ ಮನೆಗೆ ಬೆಂಕಿ ಹಚ್ಚಿದಿರಿ.

ಮಲ್ಲಿಗೆ ಮೊಗ್ಗು (ಮೈಸೂರು)
ಸುಮ್ನೆ ಇತ್ತಾ? ಯುಗಾದಿಯಿಂದ ಜಗಳ ಅಂತ ಅವರೇ ಬರೆದಿದ್ದಾರೆ.

ಮಾನಸಗಂಗೋತ್ರಿ ಹಳಬ
ನನಗೆ ಅನ್ನಿಸುವುದು, ಬದುಕು ಚೌಕಾಬಾರ ಇದ್ದ ಹಾಗೆ. ಬೀಳುವುದು ನಮ್ಮ ಕೈಯಲ್ಲಿಲ್ಲ, ಯಾವ ಕಾಯಿ ನಡೆಸಬೇಕು ಅನ್ನುವುದು ನಮ್ಮ ಕೈಯಲ್ಲಿದೆ.

ಹೊಸತೊಡಕು
ಸಾರ್, ಇದು ಎಲ್ಲ ಬೀಳ್ಕೊಡುಗೆ ಭಾಷಣದಲ್ಲೂ ಬರುತ್ತದೆ. ಕೆಲವರ ಕೈಗೆ ಕಾಯಿಯೇ ಕೊಡುವುದಿಲ್ಲ ಅಂತ ಇಷ್ಟೊತ್ತು ಅಕ್ಕ ಹೇಳಿದ್ದು.

ಲೆಕ್ಕದ ಮೇಷ್ಟ್ರು (ಮೈಸೂರು)
ಚೌಕಾಬಾರದ ಮಾತು ಬಂತು, ಬಿಡಲಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಹುಚ್ಚು, ಎಷ್ಟೋ ಹೊಸ ಆಟ ಅವರೇ ಕಟ್ಟಿದರು. ಮೈಸೂರಿನವರಾಗಿ ಲೆಕ್ಕ ಗೊತ್ತಿರಬೇಕು.

ಹುಣಸೆ ಬೀಜ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದ ನಾಲ್ಕು ಬೀಜ. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಅಂದುಕೊಳ್ಳಿ. ಒಟ್ಟು 16 ರೀತಿ ಬೀಳಬಹುದು. ಎರಡು ಬೀಳುವುದು ಅದರಲ್ಲಿ 6 ರೀತಿ, ಒಂದು ಮತ್ತು ಮೂರು ತಲಾ 4 ರೀತಿ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ಒಂದೇ ಒಂದು ರೀತಿ. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು, ಅದೂ ಒಂದೇ ರೀತಿ. ಹಾಗಾಗಿ ಚೌಕವೋ ಬಾರವೋ ಬಿದ್ದು ಇನ್ನೊಂದು ಆಟ ಸಿಗುವ ಸಾಧ್ಯತೆ ಎಂಟಕ್ಕೆ ಒಂದು.

ತೊಣ್ಣೂರು ಕೆರೆ
ಕವಡೆಯಲ್ಲಿ ಆಡಿದರೆ ಈ ಲೆಕ್ಕ ನಡೆಯುವುದಿಲ್ಲ. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಎರಡು ಕಡೆಯೂ ಸಮ ಬೀಳಲು ಹೇಗೆ ಸಾಧ್ಯ?

ಲೆಕ್ಕದ ಮೇಷ್ಟ್ರು (ಮೈಸೂರು)
ಸರಿಯಾದ ಮಾತು. ಕವಡೆಗೆ ಎಸೆದು ಎಸೆದು ಬರೆದುಕೊಳ್ಳುವುದೇ ದಾರಿ. ಒಂದೊಂದು ಕವಡೆಗೂ ಒಂದೊಂದು ಚಾಳಿ.

ಒಗ್ಗರಣೆ (ಶ್ರೀರಂಗಪಟ್ಟಣ)
ಇಷ್ಟು ದಿನ ಓದಿಕೊಂಡು ಸುಮ್ನೆ ಇದ್ದೆ. ಮೇಷ್ಟ್ರೇ, ನಮ್ಮನೆಯಲ್ಲಿ ಹುಣಸೆ ಬೀಜದಲ್ಲೇ ಆಡುವುದು. ನಾವು ಹಾಕಿದರೆ ಒಂದು, ಎರಡು. ನಮ್ಮ ಅತ್ತೆಯವರು ಹಾಕಿದರೆ ಸಾಲಾಗಿ ಎಂಟು, ಎಂಟು. ನಮ್ಮ ಕಾಯಿ ಕಡಿದು ಮೂಲೆಗೆ ಹಾಕಿಬಿಡುತ್ತಾರೆ. ಇದಕ್ಕೂ 16ರ ಲೆಕ್ಕ ಹೇಳುತ್ತೀರಾ?

ಲೆಕ್ಕದ ಮೇಷ್ಟ್ರು (ಮೈಸೂರು)
ಬೀಜ ಉಜ್ಜಿದವರು ಯಾರಮ್ಮ?

ಒಗ್ಗರಣೆ (ಶ್ರೀರಂಗಪಟ್ಟಣ)
ಅವರೇ.